ಹೌನ್ಸ್ಲೋದ ನಾಲ್ಕನೇ ರಾಜ

ಹೌನ್ಸ್ಲೋದ ಈ ಬಾಡಿಗೆ ಮನೆಯಲ್ಲಿ ನನ್ನ ಮೂವರು ಧಾರವಾಡದ ಗೆಳೆಯರದು ಜಂಟಿ ರಾಜ್ಯಭಾರ. ಮೂವರೂ ಒಪ್ಪದೆ ಒಂದು ಸ್ವಿಚ್ಚನ್ನೂ ಒತ್ತುವಂತಿಲ್ಲ. ತೆಳ್ಳನೆಯ ಅಂಗಿ ನಂಬಿ ಲಂಡನ್ನಿಗೆ ಬಂದ ಮಹಾಜಾಣ ನಾನು, ಕೈಗೂ ಕಾಲುಚೀಲ ಹಾಕಿಕೊಂಡು ಸೋಫಾದಲ್ಲಿ ನಡುಗುತ್ತಿದ್ದೆ. ಹೀಟರ್ ಹಾಕಲು ಇಬ್ಬರು ಒಪ್ಪಿದರು.

"ನಂಗ ಸೆಕಿ ಆಗ್ತದ, ಬ್ಯಾಡ," ಎಂದ ಮೂರನೆಯವನು, ಗುರು.

"ಹಂಗಾರ ನನ್ನೂ ರಾಜಾ ಮಾಡ್ರೋ," ಎಂದು ಹಟ ಹಿಡಿದೆ.

"ಆತು ತಗೋ, ನಾಕನೇ ರಾಜಾ ನೀನ!" ಮೂವರೂ ನಗುತ್ತ ಒಪ್ಪಿದರು.

ಗುರು ಚಹಾಕ್ಕೆ ನೀರಿಡಲು ಎದ್ದ.

"ಚಾಕ್ಕ ನನ್ನ ಒಪ್ಪಿಗಿ ಇಲ್ಲ," ಎಂದೆ, ಹಲ್ಲು ಕಟಕಟಿಸುತ್ತಲೇ.

ಗುರು ಕೈಯಲ್ಲಿದ್ದ ಕೆಟಲ್ ನೋಡಿದ, ನನ್ನನ್ನು ನೋಡಿದ.

"ಎಂಥಾವನ್ನ ಮನಿಯಾಗ ಬಿಟ್ಕೊಂಡ್ವಿಪಾ!" ಎನ್ನುತ್ತ ಹೋಗಿ ಹೀಟರ್ ಹಾಕಿದ.