ಫ್ಯಾನ್ ಆರಿಸಿದರೆ ಓಡುವ ಕಂಪ್ಯೂಟರ್

ಇವತ್ತು ಮಳವಳ್ಳಿಯ ಅಕ್ಕನ ಮನೆಯಲ್ಲಿ, ತೀರಾ ನಿಧಾನವಾಗಿದ್ದ ಕಂಪ್ಯೂಟರಿನ ಡಬ್ಬ ಬಿಚ್ಚುತ್ತಿದ್ದಂತೆ ಬಿಸಿ ಧೂಳಿನ ವಾಸನೆ ಮೂಗಿಗೆ ಬಡಿಯಿತು. ಬೆಸಗರಹಳ್ಳಿಯ ನಮ್ಮ ಹಳೇ ನಡುಮನೆಯದೇ ವಾಸನೆ.

ಪಿಯುಸಿ ಆದಮೇಲೆ ಅಕ್ಕನಿಗೆ ಮೈಸೂರಿಗೆ ಹೋಗಿ ಕಂಪ್ಯೂಟರ್ ಓದುವ ಆಸೆ. ಅಪ್ಪ ಮದ್ದೂರಿನಿಂದ ಯಾರೋ ಬಳಸಿ ಬಿಟ್ಟ ಕಂಪ್ಯೂಟರೊಂದನ್ನು ಹೊತ್ತು ತಂದ. "ಮೈಸೂರ್ಗ್ಯಾಕವ್ವ ಓಯ್ತೀಯೆ? ಮೊದ್ಲು ಮನೇಲಿ ಕಲ್ತ್ಕೊ. ಚೆನ್ನಾಗಿ ಕಲ್ತ್ರೆ ಆಮೇಲ್ ನೋಡಾನ" ಎಂದ.

ಅದೋ, ಒಂದು ಫೈಲ್ ತೆರೆಯುವಷ್ಟರಲ್ಲಿ ಒಲೆ ಮೇಲೆ ಅನ್ನ ಬೆಂದಿರುತ್ತಿತ್ತು. ಅಪ್ಪನಿಗೆ ಗೊತ್ತಿದ್ದ ಯಂತ್ರವೆಂದರೆ ಗದ್ದೆಯ ಪಂಪ್‌ಸೆಟ್ ಒಂದೇ. ಅಕ್ಕಪಕ್ಕದವರ ಮೋಟಾರು ನಿಂತರೆ ನಮ್ಮದು ಜೋರಾಗಿ ಓಡುತ್ತಿತ್ತಲ್ಲ, ಇದೂ ಹಾಗೆಯೇ ಎಂದು ನಂಬಿದ್ದ. ಅಕ್ಕ ಕೂತ ಕೂಡಲೇ ಫ್ಯಾನು, ಲೈಟು, ಟಿವಿ ಎಲ್ಲ ಆರಿಸಿ ಅಡುಗೆಮನೆಯತ್ತ ಕೂಗುತ್ತಿದ್ದ: "ಮಿಕ್ಸಿ ನಿಲ್ಸಮ್ಮಿ, ಕೂಸು ಓದ್ತಾ ಅದೆ. ಕರೆಂಟೆಲ್ಲ ಅದ್ಕೇ ಓಗ್ಲಿ."

ಅವ್ವ ಕತ್ತಲಲ್ಲಿ ಒರಳಿನ ಮುಂದೆ ಕೂರುತ್ತಿದ್ದಳು. ನಾವು ಬೆವರುತ್ತ ಪರದೆಯ ಮೇಲಿನ ಮರಳು ಗಡಿಯಾರವನ್ನೇ ನೋಡುತ್ತಿದ್ದೆವು. ಅದು ತಿರುಗುತ್ತಲೇ ಇತ್ತು. ಡಬ್ಬದೊಳಗೆ ಧೂಳು ಕಟ್ಟಿರಬಹುದೆಂದು ಒಬ್ಬರಿಗೂ ಹೊಳೆಯಲಿಲ್ಲ.

ಕೊನೆಗೆ ಅಪ್ಪ, "ಇದು ನಮ್ ಕೈಲಾಗೋದಲ್ಲ, ಬುಡವ್ವ" ಎಂದ. ಅಕ್ಕನ ಲಗ್ನಪತ್ರಿಕೆಗಳ ಕಟ್ಟು ಬಂದಾಗ ಅದನ್ನು ಆ ಕಂಪ್ಯೂಟರಿನ ಮೇಲೆಯೇ ಇಟ್ಟರು.

ಇವತ್ತು ಅಕ್ಕನ ಕಂಪ್ಯೂಟರಿನ ಧೂಳೆಲ್ಲ ಒರೆಸಿ ಮತ್ತೆ ಆನ್ ಮಾಡಿದೆ. ಅಕ್ಕ ಸೆರಗಿನಲ್ಲಿ ಬೆವರು ಒರೆಸಿಕೊಳ್ಳುತ್ತ ಪರದೆಯನ್ನೇ ನೋಡುತ್ತಿದ್ದಳು. ಆಮೇಲೆ ಮೆಲ್ಲಗೆ ಎದ್ದು ಹೋಗಿ ಫ್ಯಾನ್ ಆರಿಸಿದಳು.

"ಈಗ್ ನೋಡ್ಲಾ," ಎಂದಳು, "ಓಡ್ತದೆ."