ಮೂರು ಸಲ ದಾಟಿದ ಕಡ್ಡಿ

ಕಡ್ಡಿಯಣ್ಣನ ಮುತ್ತಜ್ಜ ಕಲ್ಲು ಸಾಗಿಸುವ ಬಂಡಿಗಳಿಗೆ ಗಾಲಿ ಕೂಡಿಸಿದವನು. ಆತನ ಗಾಲಿ ಸವೆದದ್ದುಂಟು, ಬಿರಿದದ್ದಿಲ್ಲ. ಅಜ್ಜ ಕುದುರೆಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿ ಬಿಗಿದ. ಅಪ್ಪ ಸೈಕಲ್ಲಿಗೆ ಇಳಿದ. ಗಾಲಿಯ ನಡುವಿನಿಂದ ಹೊರಟ ಒಂದೊಂದು ಕಡ್ಡಿಯೂ ಬೇರೆ ಮೂರು ಕಡ್ಡಿಗಳನ್ನು ದಾಟಿ ರಿಮ್ಮು ಸೇರಬೇಕು, ಅದೇ ನಮ್ಮ ಮನೆಯ ಹೆಣಿಗೆ ಎಂದು ಗಂಡುಮಕ್ಕಳಿಬ್ಬರಿಗೂ ಕೈಹಿಡಿದು ಕಲಿಸಿದ. ಹಿರಿಯವನಾದ ಕಡ್ಡಿಯಣ್ಣ ಅದನ್ನೇ ಉಸಿರು ಮಾಡಿಕೊಂಡ. ಕಡ್ಡಿಯನ್ನು ಬೆರಳಲ್ಲಿ ಮೀಟಿ, ನಾದ ಕೇಳಿಯೇ ಬಿಗಿ ಸಾಲದು ಎನ್ನುವಷ್ಟು ಪಳಗಿದ. ಕಿರಿಯವನು ಎದುರು ಸಾಲಿನಲ್ಲೇ ಗಾಜಿನ ಬಾಗಿಲಿನ ಅಂಗಡಿ ತೆರೆದು ಕರೆಂಟಿನ ಸೈಕಲ್ ಮಾರತೊಡಗಿದ.

ಆ ಗಾಜಿನ ಬಾಗಿಲು ಕಡ್ಡಿಯಣ್ಣನಿಗೆ ಅರಗಲೇ ಇಲ್ಲ. ಅದು ತೆರೆದಾಗಲೆಲ್ಲ ಕೆಲಸ ಬಿಟ್ಟು ಇಣುಕುವನು. ಗಿರಾಕಿ ಬರಿಗೈಲಿ ಹೊರಬಿದ್ದರೆ ಅವತ್ತು ಇವನಿಗೆ ಎರಡು ತುತ್ತು ಹೆಚ್ಚು ಇಳಿಯುತ್ತಿತ್ತು.

ಇಬ್ಬರ ನಡುವೆ ಹುಟ್ಟಿದ ತಂಗಿ ದಾದಿ. ಗುಡ್ಡದ ಮೇಲಿನ ಮನೆಗಳಲ್ಲಿ ಹಾಸಿಗೆ ಹಿಡಿದವರ ಗಾಯ ತೊಳೆದು ಪಟ್ಟಿ ಕಟ್ಟುವ ಕೆಲಸ. ಮಂಡಿ ನೋವಿನಿಂದ ಏರು ತುಳಿಯಲಾರದೆ, ತನ್ನ ಹಳೇ ಸೈಕಲ್ಲಿನ ಹಿಂದಿನ ಗಾಲಿಗೆ ಮೋಟಾರು ಕೂರಿಸಿಕೊಡು ಎಂದು ಅಣ್ಣನನ್ನು ಕೇಳಿದಳು. ಅವನ ಎದೆ ಉಬ್ಬಿತು. ಉಬ್ಬಿದ್ದು ಇಳಿಯಲು ಹೊತ್ತು ಹಿಡಿಯಲಿಲ್ಲ. ತಮ್ಮನನ್ನೂ ವಿಚಾರಿಸಿದ್ದಾಗಿ ಅವಳು ಸೇರಿಸಿದಳು: ಒಳಗೆ ಹಲ್ಲುಚಕ್ರವಿರುವ ಚಿಕ್ಕ ಮೋಟಾರೇ ಏರಿಗೆ ತಕ್ಕದ್ದಂತೆ, ಕಡ್ಡಿಯನ್ನು ಒಂದೇ ಸಲ ದಾಟಿಸಿದರೆ ಸಾಕಂತೆ.

"ಅವನನ್ನ ಯಾಕೆ ಕೇಳಿದೆ?"

"ಅವನೂ ನಮ್ಮಪ್ಪನ ಮಗನೇ ಅಲ್ವೇನಣ್ಣ?"

ತಮ್ಮ ಚಿಕ್ಕದು ಅಂದದ್ದಕ್ಕೇ ಇವನು ದೊಡ್ಡದು ತರಿಸಿದ. ಹಲ್ಲುಚಕ್ರವಿಲ್ಲದ, ಬೋಗುಣಿಯಷ್ಟು ಅಗಲದ ಮೋಟಾರು. ಒಂದು ಸಲ ಅಂದದ್ದಕ್ಕೆ ಮೂರು ಸಲ ದಾಟಿಸಿ ಹೆಣೆದ. ಅಷ್ಟು ಅಗಲದ ಮೋಟಾರಿನ ಅಂಚಿನಿಂದ ರಿಮ್ಮಿಗೆ ಗೇಣು ದೂರವೂ ಉಳಿಯಲಿಲ್ಲ. ಕಡ್ಡಿಗಳು ಅಡ್ಡಡ್ಡ ಮಲಗಿ, ರಿಮ್ಮಿನ ತೂತಿನ ಬಳಿ ಸೊಂಟ ಮುರಿದವರಂತೆ ಬಾಗಿದವು. ಅದು ಅವನ ಕಣ್ಣಿಗೆ ಬಿತ್ತು. ಮೀಟಿದರೆ ನಾದವೂ ಸರಿಬರಲಿಲ್ಲ. ಎದುರಿನ ಬಾಗಿಲ ಕಡೆ ಒಮ್ಮೆ ನೋಡಿ ಇನ್ನೊಂದು ಸುತ್ತು ಬಿಗಿದ.

ಎಂಟನೇ ದಿನ ತಂಗಿ ಸೈಕಲ್ ತಳ್ಳಿಕೊಂಡು ಬಂದಳು. ಅರ್ಧ ಏರಿಗೆ ಮೋಟಾರು ಕಾದ ಹೆಂಚಾಗಿ ನಿಂತಿತ್ತು; ಇಳಿಯುವಾಗ ನಾಲ್ಕು ಕಡ್ಡಿ ತುಂಡಾಗಿದ್ದವು. ಮೇಲೆ ಕಾದಿದ್ದ ಮುದುಕಿಯ ಪಟ್ಟಿ ಅವತ್ತು ಬದಲಾಗಲಿಲ್ಲ. ತಂಗಿ ಬೈದಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ನಾಳೆ ಬೆಳಗ್ಗೆ ಹೋಗಲೇಬೇಕು ಎಂದಷ್ಟೇ ಹೇಳಿ ಅವಳು ಎದುರಂಗಡಿಯತ್ತ ಕತ್ತು ತಿರುಗಿಸಿದಳು. ಆ ತಿರುಗಿದ ಕತ್ತು ಅವನನ್ನು ಸುಟ್ಟಿತು.

ತಮ್ಮ ತಾನಾಗಿಯೇ ರಸ್ತೆ ದಾಟಿ ಬಂದ. ಕಂಕುಳಲ್ಲಿ ಚಿಕ್ಕ ಮೋಟಾರು, ಕೈಯಲ್ಲಿ ಅದಕ್ಕೊಪ್ಪುವ ಕಡ್ಡಿಯ ಕಟ್ಟು. ತುಂಡಾದ ಕಡ್ಡಿಗಳನ್ನು ಒಂದು ಬದಿಗೆ ಸರಿಸಿ ಕುಕ್ಕರಗಾಲಲ್ಲಿ ಕೂತ.

"ನೀನು ರಿಮ್ಮು ಹಿಡ್ಕೋ ಅಣ್ಣ, ನಾನು ಹೆಣೀತೀನಿ. ಇಬ್ಬರು ಕೂತ್ರೆ ಸಂಜೆಯೊಳಗೆ ಮುಗಿಯುತ್ತೆ."

ಕಡ್ಡಿಯಣ್ಣ ಆ ಮೋಟಾರನ್ನು ಕೈಯಲ್ಲಿ ತಿರುವಿ ನೋಡಿದ. ಒಳ್ಳೇ ಮಾಲು. ಅದು ಇನ್ನಷ್ಟು ಉರಿಸಿತು. ತಂಗಿ ಬಾಗಿಲಲ್ಲೇ ನಿಂತಿದ್ದಳು.

"ಮೋಟಾರು ಇಟ್ಟು ಹೋಗು. ನೀನು ಹೇಳಿದ್ದೇ ಸರಿ, ಒಂದೇ ಸಲ ದಾಟಿಸ್ತೀನಿ. ಆದ್ರೆ ಕಡ್ಡಿಗೆ ಕೈ ಹಾಕಬೇಡ. ಗಾಲಿ ಕಟ್ಟಿಕೊಡು ಅಂತ ಇವಳು ಕೇಳಿದ್ದು ನನ್ನನ್ನ."