ಹೊಳೆಯ ತನಕ ನಡೆಯದ ಚಳಿಗಾಲ

ಖಾನಾಪುರದ ಮೊದಲ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕೊಬ್ಬರಿ ಎಣ್ಣೆಯ ಬಾಟಲಿ ತಲೆಕೆಳಗೆ ಹಿಡಿದರೂ ಒಂದು ಹನಿ ಬೀಳಲಿಲ್ಲ. ಎಣ್ಣೆ ಕೆಟ್ಟಿದೆಯೆಂದು ಎಸೆಯಲು ಹೊರಟಿದ್ದೆ. ಮನೆಯ ಯಜಮಾನಿ ಗಂಗವ್ವ ನಕ್ಕು, ಬಾಟಲಿ ಕಸಿದು ಒಲೆಯ ಬದಿಗಿಟ್ಟರು. ರಾಯಚೂರಿನಲ್ಲಿ ಕೂತು ಈ ಪತ್ರ ಓದುವ ನಿಮಗೆ ಇದನ್ನು ನಂಬುವುದೇ ಕಷ್ಟ. ನಾವು ಡಿಸೆಂಬರಿನಲ್ಲೂ ಮಧ್ಯಾಹ್ನ ನೆರಳು ಹುಡುಕುವವರು.

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಅಲ್ಲಿಯ ಹೆಣ್ಣುಮಕ್ಕಳ ಸಾಲೆಗೆ ವರ್ಗವಾಗಿತ್ತು. ಒಂಟಿ ಹೆಣ್ಣಿಗೆ ಯಾರೂ ಮನೆ ಕೊಡಲಿಲ್ಲ. ಕೊನೆಗೆ ಬೆಲ್ಲದ ವ್ಯಾಪಾರಿ ರುದ್ರಪ್ಪನವರು ತಮ್ಮ ಹಿತ್ತಲ ಕೋಣೆ ಕೊಟ್ಟರು. ಅವರ ಹೆಂಡತಿ ಗಂಗವ್ವನನ್ನು ಓಣಿಯವರೆಲ್ಲ ‘ಕಾಕು’ ಎನ್ನುತ್ತಿದ್ದರು, ಅಂದರೆ ಚಿಕ್ಕಮ್ಮ. ನನಗೂ ಕಾಕುವೇ ಆದರು. ತರಕಾರಿಯವಳ ಹತ್ತಿರ ಮರಾಠಿಯಲ್ಲಿ ಚೌಕಾಶಿ ಮಾಡುವುದನ್ನು ಕಲಿಸಿದವರು ಅವರೇ. ಮೊದಲ ಸಲ ನಾನೊಬ್ಬಳೇ ಹೋಗಿ ಬದನೆಕಾಯಿ ಅಗ್ಗಕ್ಕೆ ತಂದ ದಿನ ಅದನ್ನು ಓಣಿಗೆಲ್ಲ ತೋರಿಸಿ ಬಂದಿದ್ದರು.

ಆ ಮಳೆಗಾಲದಲ್ಲಿ ಕಾಕು ಮೆಟ್ಟಿಲ ಮೇಲೆ ಜಾರಿ ಕಾಲು ಮುರಿದುಕೊಂಡಿದ್ದರು. ದೀಪಾವಳಿಗೆ ಪ್ಲಾಸ್ಟರ್ ಬಿಚ್ಚಿದರು. ಮೊಣಕಾಲು ಮಾತ್ರ ಮಡಚುತ್ತಿರಲಿಲ್ಲ. ನೆಲದ ಮೇಲೆ ಚಕ್ಕಳಬಕ್ಕಳ ಹಾಕಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮಾಡುತ್ತಿದ್ದವರು ಈಗ ಕುರ್ಚಿಯಲ್ಲಿ ಕೂರಬೇಕಾಯಿತು. “ಕುರ್ಚಿ ಮ್ಯಾಲ ಕುಂತ್ರ ಪೂಜಿ ಮಾಡಿದಂಗ ಅನಸೂದಿಲ್ರಿ ಅಕ್ಕೋರ, ಯಾರ್ದೋ ಮನಿಗಿ ಬೀಗರಾಗಿ ಹೋದಂಗ ಅನಸ್ತದ,” ಎನ್ನುತ್ತಿದ್ದರು. ಅಕ್ಕೋರು ಎಂದರೆ ಇಲ್ಲಿ ಶಿಕ್ಷಕಿ. ಥಂಡಿಯಲ್ಲಿ ಕೀಲು ಬಿಗಿಯುತ್ತದೆ, ಕುಳಿತರೆ ಕೆಟ್ಟಿತು, ದಿನಾ ಬೆಳಿಗ್ಗೆ ಹೊಳೆಯ ತನಕ ನಡೆದರೆ ಶಿವರಾತ್ರಿಗೆ ನೆಲಕ್ಕೆ ಕೂರಬಹುದು ಎಂದು ಡಾಕ್ಟರು ಹೇಳಿದ್ದರು. ರುದ್ರಪ್ಪನವರಿಗೆ ಬೆಳಗಾದರೆ ಅಂಗಡಿ. “ನಮ್ಮನಿಯಾಕಿ ಒಬ್ಬಾಕಿನ ಹೋಗಂಗಿಲ್ರಿ. ನಿಮ್ಮ ಜೋಡಿ ಕರಕೊಂಡು ಹೋಗ್ರಿ,” ಎಂದು ನನ್ನನ್ನು ಕೇಳಿದರು. ನಾನು ಒಪ್ಪಿದೆ.

ನಮ್ಮೂರಿನಲ್ಲಿ ನಡೆಯುವುದೆಂದರೆ ಒಂದು ಕೆಲಸಕ್ಕೆ: ನೀರಿಗೆ, ಹೊಲಕ್ಕೆ, ಬಸ್ಸಿಗೆ. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬರುವ ನಡಿಗೆ ನನಗೆ ಹೊಸದು. ಅದೂ ಎದುರಿನ ಮನುಷ್ಯ ಕಾಣದ ಮಂಜಿನಲ್ಲಿ. ಒಂದು ವಾರ ಮಲಪ್ರಭೆಯ ತನಕ ಹೋಗಿ ಬಂದೆವು. ಕಾಕು ಕೋಲೂರಿ ಹಲ್ಲು ಕಚ್ಚಿ ನಡೆಯುತ್ತಿದ್ದರು. ನಾನು ಸೆರಗಿನ ಮೇಲೆ ಇನ್ನೊಂದು ಸೀರೆ ಹೊದ್ದರೂ ನಡುಗುತ್ತಿದ್ದೆ.

ದಾರಿಯಲ್ಲಿ ಒಂದು ಹೆಂಚಿನ ಕಾರ್ಖಾನೆಯಿತ್ತು. ಅದರ ಭಟ್ಟಿಯ ಗೋಡೆ ಹೊರಗಿನಿಂದಲೂ ಬೆಚ್ಚಗಿರುತ್ತಿತ್ತು. ಎಂಟನೆಯ ದಿನ ಅಲ್ಲಿಗೆ ಬರುವಷ್ಟರಲ್ಲಿ ಕಾಕು ನಿಂತರು. “ನಿಮ್ಮ ಹಲ್ಲ ಕಟಕಟ ಅನ್ನಾಕತ್ತಾವ. ಬಿಸಲ ನಾಡಿನವ್ರು ನೀವು. ಐದ ಮಿನಿಟ ಕುಂದರ್ರಿ, ಬೆನ್ನ ಕಾಸ್ಕೊಂಡು ಹೋಗೂಣು.” ಕಾವಲುಗಾರ ಮುದುಕ “ಯಾ ಬಾಯಿ, ಬಸಾ” ಎಂದು ಮರಾಠಿಯಲ್ಲಿ ಕರೆದು ಕೂರಲು ಹಲಗೆ ಹಾಕಿದ. ನನಗೆ ಬೆನ್ನಿಗೆ ರಾಯಚೂರೇ ಸಿಕ್ಕಂತಾಯಿತು. ಆ ದಿನ ಹೊಳೆಗೆ ಹೋಗಲಿಲ್ಲ. ಮರುದಿನವೂ ಇಲ್ಲ. ಆಮೇಲೆ ನಮ್ಮ ನಡಿಗೆ ಎಂದರೆ ಭಟ್ಟಿಯ ತನಕ ಎಂದಾಯಿತು. ಕಾಕು ಎರಡು ಮೂರು ಸಲ “ಏಳೂಣೇನ್ರಿ?” ಎನ್ನುವರು. ನಾನು “ಇನ್ನೊಂದು ಚೂರು ಕಾಕು” ಎನ್ನುವೆ. ಒಂದು ದಿನ ಅವರು ತಾವೇ ಎದ್ದು ಹೊಳೆಯ ಕಡೆ ಹತ್ತು ಹೆಜ್ಜೆ ಇಟ್ಟು ತಿರುಗಿ ನೋಡಿದರು. ನಾನು ಏಳಲಿಲ್ಲ. ಬಂದು ಮತ್ತೆ ನನ್ನ ಪಕ್ಕ ಕೂತರು. ಬರೆಯುವಾಗ ಈಗಲೂ ನಾಚಿಕೆಯಾಗುತ್ತದೆ.

ಮನೆಗೆ ಬಂದರೆ ರುದ್ರಪ್ಪನವರ ಪ್ರಶ್ನೆ: “ಹೊಳೀತನಕ ಹೋಗಿದ್ರಿಲ್ಲ?”

“ಹೋಗಿದ್ವಿ,” ಎಂದವಳು ನಾನು. ಕಾಕು ಒಲೆಯ ಕಡೆ ಮುಖ ಮಾಡಿದ್ದರು. ರುದ್ರಪ್ಪನವರು ನನ್ನ ರೊಟ್ಟಿಯ ಮೇಲೆ ಇನ್ನೊಂದು ಉಂಡೆ ಬೆಣ್ಣೆ ಹಾಕಿಸುತ್ತಿದ್ದರು, ನಡೆದು ದಣಿದಿದ್ದಾಳೆಂದು. ನಾನು ತಿನ್ನುತ್ತಿದ್ದೆ.

ಶಿವರಾತ್ರಿ ಬಂತು. ಕಾಕು ಮಡಿಯುಟ್ಟು, ಚಾಪೆ ಹಾಸಿಸಿ, ನನ್ನನ್ನೂ ಗಂಡನನ್ನೂ ಒಂದೊಂದು ರಟ್ಟೆ ಹಿಡಿಯಲು ಹೇಳಿದರು. ಅರ್ಧಕ್ಕೆ ಬಂದು ಮೊಣಕಾಲು ನಿಂತುಬಿಟ್ಟಿತು. ಇನ್ನಷ್ಟು ಒತ್ತಿದರು. ಕಣ್ಣಿನಿಂದ ನೀರು ಇಳಿಯಿತು. “ಬಿಡ್ರಿ. ಕುರ್ಚಿ ತರ್ರಿ,” ಎಂದರು.

“ಇಷ್ಟ ದಿನ ಹೊಳೀತನಕ ನಡದೂ ಬಗ್ಗಲಿಲ್ಲಂದ್ರ ಶಿವನ ಇಚ್ಛಾನ ಹಂಗ ಅದ,” ಎಂದರು ರುದ್ರಪ್ಪನವರು. “ಅಕ್ಕೋರು ಏನ ಕಡಿಮಿ ಮಾಡಿದ್ರು?” ಕಾಕು ನನ್ನ ಕಡೆ ನೋಡಲೂ ಇಲ್ಲ. ಕುರ್ಚಿ ತಂದಿಟ್ಟವಳು ನಾನೇ.

ನಡೆದಿದ್ದರೂ ಆ ಕಾಲು ಮಡಚುತ್ತಿರಲಿಲ್ಲವೇನೋ. ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಸಮಾಧಾನವಾಗಿಲ್ಲ.

ಆಮೇಲೆ ಬೆಳಗಾವಿಗೆ ಬಂದೆ, ಇಲ್ಲಿಯವರನ್ನೇ ಮದುವೆಯಾದೆ, ಈಗ ಮಹಾಂತೇಶ ನಗರದಲ್ಲಿ ಮನೆ. ಚಳಿಗಾಲದಲ್ಲಿ ಒಂದು ದಿನವೂ ತಪ್ಪಿಸದೆ ಕೋಟೆಯ ಸುತ್ತ ನಡೆಯುತ್ತೇನೆ. ಮಂಜಿಗೆ ಹೆದರುವುದಿಲ್ಲ. ರಜೆಗೆ ಊರಿಗೆ ಬಂದರೆ ಸೆಕೆ ತಡೆಯದೆ ಒದ್ದಾಡುವ ನನ್ನನ್ನು ನೀವು ‘ಬೆಳಗಾವಿಯವಳು’ ಎಂದು ಗೇಲಿ ಮಾಡುತ್ತೀರಿ. ಇಲ್ಲಿ ನಾನಿನ್ನೂ ‘ರಾಯಚೂರ ಅಕ್ಕೋರು’. ಪೂರ್ತಿ ಆ ಊರಿನವಳಾದೆಯಾ ಎಂದು ನೀವು ಪತ್ರದಲ್ಲಿ ಕೇಳಿದ್ದಕ್ಕೇ ಇಷ್ಟೆಲ್ಲ ಬರೆದೆ.

ಮೊನ್ನೆ ಖಾನಾಪುರಕ್ಕೆ ಹೋಗಿದ್ದೆ. ಕಾಕುವಿನ ಮನೆಗೆ ನಂದಗಡದಿಂದ ಬೀಗರು ಬಂದಿದ್ದರು. ಇವರು ಯಾರು ಎಂದು ಅವರು ಕೇಳಿದಾಗ, ಕುರ್ಚಿಯಲ್ಲಿ ಕೂತಿದ್ದ ಕಾಕು ನನ್ನ ಕೈ ಹಿಡಿದುಕೊಂಡು ಹೇಳಿದರು: “ನಮ್ಮ ಮನಿ ಮಗಳು. ಆ ಥಂಡ್ಯಾಗ ದಿನಾ ನನ್ನ ಕರಕೊಂಡು ಹೊಳೀತನಕ ನಡದಾಕಿ.”

ನಿಜ ಹೇಳಿದರೆ ಅಷ್ಟು ಜನರ ಮುಂದೆ ಕಾಕು ಸುಳ್ಳುಗಾತಿಯಾಗುತ್ತಿದ್ದರು. ಸುಮ್ಮನಿದ್ದರೆ ನಾನು ಆ ಮನೆಯ ಮಗಳಾಗಿ ಉಳಿಯುತ್ತಿದ್ದೆ. ನಾನು ಸುಮ್ಮನಿದ್ದೆ.